ಗೇಮ್ ಆಡುವಾಗ ಲ್ಯಾಪ್‌ಟಾಪ್ ಕಾದ ಹೆಂಚು: ಓದುಗರ ಪ್ರಶ್ನೆಗಳಿಗೆ ಉತ್ತರ

ಬೇಸಿಗೆ ಶುರುವಾಯಿತು ಅಂದರೆ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ಯಾವ ಫೋನ್ ಕೊಳ್ಳಲಿ, ಯಾವ ಪ್ರಿಂಟರ್ ಒಳ್ಳೆಯದು ಅನ್ನುವವರೆಲ್ಲ ಹಿಂದೆ ಸರಿದು, ಲ್ಯಾಪ್‌ಟಾಪ್ ಸುಡ್ತಿದೆ ಏನ್ ಮಾಡ್ಲಿ ಅನ್ನುವವರು ಮುಂದೆ ಬರುತ್ತಾರೆ. ಅದರಲ್ಲೂ ಗೇಮ್ ಆಡುವ ಹುಡುಗರು, ಅವರ ಅಪ್ಪ ಅಮ್ಮಂದಿರು. ಹಾಗಾಗಿ ಈ ಸಲದ ಜಾಗವನ್ನೆಲ್ಲ ಇದೊಂದೇ ವಿಷಯಕ್ಕೆ ಬಿಟ್ಟಿದ್ದೇನೆ. ಒಂದೇ ತರಹದ ಪ್ರಶ್ನೆಗಳನ್ನು ಒಟ್ಟು ಮಾಡಿ ಒಬ್ಬರ ಪತ್ರಕ್ಕೆ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಸರ್, ನಾನು ರಾಯಚೂರಿನಲ್ಲಿ ಬಿಇ ಮೂರನೇ ವರ್ಷ. ಆರ್‌ಟಿಎಕ್ಸ್ 3050 ಗ್ರಾಫಿಕ್ಸ್ ಕಾರ್ಡ್ ಇರುವ ಲ್ಯಾಪ್‌ಟಾಪ್, ಕೊಂಡು ಎರಡು ವರ್ಷ ಆಯ್ತು. ವ್ಯಾಲೊರಂಟ್ ಗೇಮ್ ಶುರು ಮಾಡಿದಾಗ 200 ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರ, ಅಂದರೆ ಫ್ರೇಮುಗಳ ಲೆಕ್ಕ) ಬರುತ್ತೆ, ಇಪ್ಪತ್ತು ನಿಮಿಷ ಆದಮೇಲೆ 70ಕ್ಕೆ ಬಿದ್ದು ಎಳೆದಾಡೋಕೆ ಶುರು ಮಾಡುತ್ತೆ. ಸಿಪಿಯು (ಪ್ರೊಸೆಸರ್) 97 ಡಿಗ್ರಿ ತೋರಿಸುತ್ತೆ. ಮದರ್‌ಬೋರ್ಡ್ ಸುಟ್ಟುಹೋಗುತ್ತೆ ಅಂತ ಹಾಸ್ಟೆಲ್ ಗೆಳೆಯರು ಹೆದರಿಸ್ತಾರೆ. 2,000 ರೂಪಾಯಿ ಕೊಟ್ಟು, ಲ್ಯಾಪ್‌ಟಾಪ್ ಕೆಳಗೆ ಇಡುವ ಫ್ಯಾನಿನ ಕೂಲಿಂಗ್ ಪ್ಯಾಡ್ ತಗೊಳ್ಳಲಾ?

ಉತ್ತರ: ದುಡ್ಡು ಸದ್ಯಕ್ಕೆ ಜೇಬಿನಲ್ಲೇ ಇರಲಿ. ಮೊದಲು ಹೆದರಿಕೆ ಬಿಡಿ. 97 ಅನ್ನುವ ಅಂಕಿ ನೋಡಿದರೆ ಯಾರಿಗಾದರೂ ಎದೆ ಧಸಕ್ ಅನ್ನುತ್ತದೆ, ನೀರು ಕುದಿಯುವ ಹತ್ತಿರದ ಲೆಕ್ಕ ಅಲ್ವಾ. ಆದರೆ ಪ್ರೊಸೆಸರ್ ಮಾಡಿದವರು ಇಷ್ಟು ಕಾವನ್ನು ಲೆಕ್ಕಕ್ಕೆ ಹಿಡಿದೇ ಮಾಡಿರುತ್ತಾರೆ. ಇಂಟೆಲ್‌ನ ಬಹುತೇಕ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳ ಮಿತಿ 100 ಡಿಗ್ರಿ. ಎಎಂಡಿಯವಕ್ಕೆ ಮಾಡೆಲ್ ಮೇಲೆ 95ರಿಂದ 105. ಆ ಗೆರೆ ಮುಟ್ಟಿದ ತಕ್ಷಣ ಚಿಪ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಥ್ರಾಟ್ಲಿಂಗ್ ಅನ್ನುವುದು ಇದಕ್ಕೇ. ನಿಮ್ಮ 200 ಎಫ್‌ಪಿಎಸ್ 70ಕ್ಕೆ ಬೀಳುವುದೂ ಬಹುತೇಕ ಇದೇ ಕಾರಣಕ್ಕೆ. ವೇಗ ಇಳಿಸಿದ ಮೇಲೂ ಕಾವು ಏರುತ್ತಲೇ ಹೋದರೆ ಲ್ಯಾಪ್‌ಟಾಪ್ ಪಟ್ಟನೆ ಆಫ್ ಆಗುತ್ತದೆ, ಅದೂ ತನ್ನನ್ನು ತಾನು ಉಳಿಸಿಕೊಳ್ಳುವುದಕ್ಕೆ. ಹಾಗಾಗಿ ನಾಲ್ಕು ಸಂಜೆ ಆಡಿದ ಮಾತ್ರಕ್ಕೆ ಬೋರ್ಡ್ ಸುಟ್ಟುಹೋಗುವುದಿಲ್ಲ. ಆದರೆ ದಿನಾ ನಾಲ್ಕು ಗಂಟೆ, ವರ್ಷಗಟ್ಟಲೆ ಇದೇ ಕಾವಿನಲ್ಲಿ ಬೇಯಿಸುತ್ತಿದ್ದರೆ ಚಿಪ್ಪಿನ ಬಿಸಿಯನ್ನು ಹೊರಗೆ ದಾಟಿಸಲು ಅದರ ಮೇಲೆ ಹಚ್ಚಿರುವ ಪೇಸ್ಟ್ ಒಣಗುತ್ತದೆ, ಫ್ಯಾನ್ ಸವೆಯುತ್ತದೆ, ಬ್ಯಾಟರಿಗೆ ಬೇಗ ಮುಪ್ಪು ಬರುತ್ತದೆ. ನಾವು ತಪ್ಪಿಸಬೇಕಿರುವುದು ಇದನ್ನು.

ಈಗ ಈ ಬಿಸಿ ಎಲ್ಲಿಂದ ಬರುತ್ತದೆ ನೋಡಿ. ನಿಮ್ಮ 3050ಗೆ ಲ್ಯಾಪ್‌ಟಾಪ್ ಮಾಡಿದವರು 35ರಿಂದ 80 ವ್ಯಾಟ್‌ವರೆಗೆ ಕರೆಂಟ್ ಬಿಟ್ಟಿರುತ್ತಾರೆ. ಗೇಮಿಂಗ್ ಲ್ಯಾಪ್‌ಟಾಪಿನ ಪ್ರೊಸೆಸರ್ ಮೇಲೆ 45 ವ್ಯಾಟ್ ಅಂತ ಬರೆದಿದ್ದರೂ ಟರ್ಬೊ (ಮಾಮೂಲಿಗಿಂತ ಜಾಸ್ತಿ ವೇಗದ ಓಟ) ಏರಿದಾಗ ಅದು ಸ್ವಲ್ಪ ಹೊತ್ತು 90 ವ್ಯಾಟ್ ಎಳೆಯುವುದು ಇದೆ. ಒಳಗೆ ಹೋದ ಕರೆಂಟೆಲ್ಲ ಕೊನೆಗೆ ಬಿಸಿಯಾಗಿಯೇ ಹೊರಗೆ ಬರಬೇಕು. ರಿಪೇರಿ ಅಂಗಡಿಯಲ್ಲಿ ತವರ ಕರಗಿಸುವ ಸೋಲ್ಡರಿಂಗ್ ಐರನ್ ನೋಡಿದ್ದೀರಲ್ವಾ, ಅದು ಸಾಮಾನ್ಯವಾಗಿ 25 ವ್ಯಾಟಿನದು. ಅಂಥ ನಾಲ್ಕೈದು ಐರನ್‌ಗಳ ಕಾವು ಎರಡು ಬೆರಳು ದಪ್ಪದ ಡಬ್ಬಿಯೊಳಗೆ ಹುಟ್ಟುತ್ತಿದೆ. ಅದನ್ನು ಹೊರಗೆ ದಬ್ಬಲು ಇರುವುದು ಅಂಗೈಯಗಲದ ಎರಡು ಫ್ಯಾನು, ಒಂದಷ್ಟು ತಾಮ್ರದ ಕೊಳವೆ.

ಇನ್ನೊಂದು ವಿಷಯ, ಇದನ್ನು ರಾಯಚೂರಿನವರಿಗೆ ಬೇರೆಯಾಗಿ ಹೇಳಬೇಕಿಲ್ಲ. ಫ್ಯಾನ್ ತಣ್ಣನೆಯ ಗಾಳಿ ಹುಟ್ಟಿಸುವುದಿಲ್ಲ, ಕೋಣೆಯಲ್ಲಿರುವ ಗಾಳಿಯನ್ನೇ ಎಳೆದು ಚಿಪ್ಪಿನ ಕಾವಿನ ಮೇಲೆ ಊದುತ್ತದೆ. ಕೋಣೆ ಒಂದು ಡಿಗ್ರಿ ಬಿಸಿಯಾದರೆ ಚಿಪ್ಪೂ ಹೆಚ್ಚು ಕಡಿಮೆ ಒಂದು ಡಿಗ್ರಿ ಏರುತ್ತದೆ. ಡಿಸೆಂಬರಿನಲ್ಲಿ ನಿಮ್ಮ ಹಾಸ್ಟೆಲ್ ರೂಮ್ 27 ಇದ್ದಾಗ 85 ತೋರಿಸುತ್ತಿದ್ದ ಲ್ಯಾಪ್‌ಟಾಪ್, ಮೇ ತಿಂಗಳ 39 ಡಿಗ್ರಿ ರೂಮಿನಲ್ಲಿ 97 ತೋರಿಸಿದರೆ ಅದು ಕೆಟ್ಟಿದೆ ಅಂತ ಅರ್ಥ ಅಲ್ಲ. ಯೂಟ್ಯೂಬಿನಲ್ಲಿ ಎಸಿ ಕೋಣೆಯಲ್ಲಿ ಕೂತು ತೋರಿಸುವ ಅಂಕಿಗೆ ನಿಮ್ಮದನ್ನು ಹೋಲಿಸಿಕೊಂಡು ಕೊರಗಬೇಡಿ.

ಹಾಗಾದರೆ ಮಾಡುವುದೇನು? ಹುಟ್ಟಿದ ಬಿಸಿಯನ್ನು ಹೊರಹಾಕಲು ದುಡ್ಡು ಬೇಕು. ಬಿಸಿ ಹುಟ್ಟದ ಹಾಗೆ ಮಾಡಲು ದುಡ್ಡು ಬೇಕಿಲ್ಲ. ನಾನು ಯಾರಿಗೇ ಆದರೂ ಮೊದಲು ಹೇಳುವುದು ಎಫ್‌ಪಿಎಸ್‌ಗೆ ಮೂಗುದಾರ ಹಾಕಿ ಅಂತ. ನಿಮ್ಮ ಸ್ಕ್ರೀನ್ 144 ಹರ್ಟ್ಸ್‌ನದು ಅಂದರೆ ಸೆಕೆಂಡಿಗೆ 144 ಸಲಕ್ಕಿಂತ ಜಾಸ್ತಿ ಚಿತ್ರ ಬದಲಿಸಲು ಅದಕ್ಕೆ ಆಗುವುದೇ ಇಲ್ಲ. ಉಳಿದ 56 ಫ್ರೇಮುಗಳ ಹೆಚ್ಚಿನ ಪಾಲು ಬರೀ ಬಿಸಿ. 200 ಇದ್ದರೆ ಮೌಸ್ ಇನ್ನೂ ಸ್ವಲ್ಪ ಚುರುಕು ಅನ್ನಿಸುತ್ತದೆ ಅಂತ ಆಡುವವರು ಹೇಳುತ್ತಾರೆ, ಅದು ಸುಳ್ಳಲ್ಲ. ಆದರೆ ಇಪ್ಪತ್ತು ನಿಮಿಷ 200 ಕೊಟ್ಟು, ಸರಿಯಾಗಿ ಕೊನೆಯ ರೌಂಡಿಗೆ 70ಕ್ಕೆ ಬೀಳುವುದಕ್ಕಿಂತ, ಕೂತಾಗಿನಿಂದ ಏಳುವ ತನಕ ಅಲ್ಲಾಡದ 120 ಸಿಕ್ಕರೆ ಆಟ ಎಷ್ಟೋ ಚೆನ್ನಾಗಿರುತ್ತದೆ. ವ್ಯಾಲೊರಂಟಿನ ವಿಡಿಯೊ ಸೆಟ್ಟಿಂಗ್‌ನಲ್ಲೇ ಇದಕ್ಕೆ ಜಾಗ ಇದೆ. ಯಾವಾಗಲೂ ಎಷ್ಟಿರಬೇಕು, ಮೆನುವಿನಲ್ಲಿದ್ದಾಗ ಎಷ್ಟು, ಬೇರೆ ಕಿಟಕಿಗೆ ಹೋದಾಗ ಎಷ್ಟು ಅಂತ ಬೇರೆ ಬೇರೆಯಾಗಿ ಹಾಕಬಹುದು. ಮೆನುವಿಗೆ 30 ಹಾಕಿ. ಗೆಳೆಯರು ಬರಲಿ ಅಂತ ಮೆನುವಿನಲ್ಲಿ ಸುಮ್ನೆ ಕಾಯುವಾಗಲೂ ಲ್ಯಾಪ್‌ಟಾಪ್ ನೂರಾರು ಫ್ರೇಮ್ ಹೊಡೆದುಕೊಂಡು ಕಾಯುತ್ತಾ ಕೂತಿರುತ್ತದೆ, ಇದನ್ನು ಬಹಳ ಜನ ಗಮನಿಸುವುದೇ ಇಲ್ಲ. ಇಂಥ ಸೆಟ್ಟಿಂಗ್ ಇಲ್ಲದ ಗೇಮುಗಳಿಗೆ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಮ್ಯಾಕ್ಸ್ ಫ್ರೇಮ್ ರೇಟ್ ಅಂತ ಇದೆ, ಅಲ್ಲಿ ಹಾಕಿ. ಜಿಟಿಎ ತರಹದ ಕಥೆಯ ಆಟಗಳಿಗೆ 60 ಸಾಕು, ನಿಜವಾಗಿಯೂ ಸಾಕು.

ಎರಡನೆಯದು ಟರ್ಬೊ. ಪ್ರೊಸೆಸರ್ ತನ್ನ ಓಟದ ಕೊನೆಯ ತುಣುಕು ವೇಗ ಪಡೆಯಲು ವೋಲ್ಟೇಜ್ ಏರಿಸಿಕೊಳ್ಳುತ್ತದೆ. ವೋಲ್ಟೇಜ್ ಏರಿದರೆ ಬಿಸಿ ಅಷ್ಟಕ್ಕಷ್ಟೇ ಏರುವುದಿಲ್ಲ, ವರ್ಗದ ಲೆಕ್ಕದಲ್ಲಿ ಏರುತ್ತದೆ. ವೋಲ್ಟೇಜ್ ನೂರಕ್ಕೆ 10 ಜಾಸ್ತಿಯಾದರೆ ಅದೊಂದರಿಂದಲೇ ಬಿಸಿ ನೂರಕ್ಕೆ 21 ಜಾಸ್ತಿ, ವೇಗ ಏರಿದ್ದಕ್ಕೆ ಇನ್ನಷ್ಟು ಬೇರೆ. ಅಂದರೆ ಆ ಕೊನೆಯ ತುಣುಕಿಗೆ ನಾವು ತುಂಬಾ ದುಬಾರಿ ಬೆಲೆ ಕೊಡುತ್ತಿದ್ದೇವೆ. ವಿಂಡೋಸ್‌ನ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ಪವರ್ ಆಪ್ಶನ್ಸ್‌ನ ಅಡ್ವಾನ್ಸ್‌ಡ್ ಸೆಟ್ಟಿಂಗ್‌ನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ಹುಡುಕಿ, 100 ಇರುವುದನ್ನು 99 ಮಾಡಿ. ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಇಷ್ಟಕ್ಕೇ ಟರ್ಬೊ ಸುಮ್ಮನಾಗುತ್ತದೆ, ಕಾವು ಹತ್ತು ಹದಿನೈದು ಡಿಗ್ರಿ ಇಳಿದದ್ದನ್ನು ನಾನೇ ಕಂಡಿದ್ದೇನೆ. ಎಫ್‌ಪಿಎಸ್ ಸ್ವಲ್ಪ ಇಳಿಯುತ್ತದೆ. ವ್ಯಾಲೊರಂಟ್ ಪ್ರೊಸೆಸರನ್ನೇ ಜಾಸ್ತಿ ದುಡಿಸುವ ಆಟ, ಅದರಲ್ಲಿ ಈ ಇಳಿತ ಕಣ್ಣಿಗೆ ಬಿದ್ದರೂ ಬೀಳಬಹುದು. ಗ್ರಾಫಿಕ್ಸ್ ಕಾರ್ಡಿಗೇ ಕೆಲಸ ಜಾಸ್ತಿ ಇರುವ ಆಟಗಳಲ್ಲಿ ಗೊತ್ತೇ ಆಗುವುದಿಲ್ಲ. ಒಂದು ವಾರ ಇಟ್ಟು ನೋಡಿ, ಬೇಡವೆನಿಸಿದರೆ ಮತ್ತೆ 100 ಮಾಡಿ.

ಮೂರನೆಯದು ಬಹಳ ಸಣ್ಣದು. ಲ್ಯಾಪ್‌ಟಾಪಿನ ಹಿಂದಿನ ಎರಡು ಕಾಲುಗಳ ಕೆಳಗೆ ಎರಡು ಬಾಟಲಿ ಮುಚ್ಚಳ ಇಡಿ, ಗಾಳಿಯ ತೂತು ಮುಚ್ಚದ ಹಾಗೆ. ಬಹುತೇಕ ಗೇಮಿಂಗ್ ಲ್ಯಾಪ್‌ಟಾಪ್‌ಗಳು ಕೆಳಗಿನಿಂದ ಗಾಳಿ ಎಳೆದುಕೊಂಡು ಹಿಂದಿನಿಂದ, ಪಕ್ಕದಿಂದ ಬಿಡುತ್ತವೆ. ಮೇಜಿಗೂ ಅದರ ಹೊಟ್ಟೆಗೂ ನಡುವೆ ಇರುವ ಸಂದಿ ನಿಮ್ಮ ಕಿರುಬೆರಳೂ ತೂರದಷ್ಟು ಸಣ್ಣದು. ಒಂದೂವರೆ ಸೆಂಟಿಮೀಟರ್ ಎತ್ತಿದರೆ ಸಾಕು, ಉಸಿರಾಟ ಸರಾಗ ಆಗುತ್ತದೆ. ಹಿಂದೆ ಗೋಡೆಗೆ ಒತ್ತಿಸಿ ಇಡಬೇಡಿ. ನನ್ನ ಲ್ಯಾಪ್‌ಟಾಪಿನಲ್ಲಿ ಬರೀ ಇದರಿಂದ ನಾಲ್ಕೈದು ಡಿಗ್ರಿ ಇಳಿದಿತ್ತು, ನೀವು ಕೊಳ್ಳಬೇಕು ಅಂದುಕೊಂಡಿರುವ ಪ್ಯಾಡ್ ಕೂಡ ಹೆಚ್ಚು ಕಡಿಮೆ ಇಷ್ಟನ್ನೇ ಕೊಡುತ್ತದೆ.

ಇವನ್ನೆಲ್ಲ ಒಂದೇ ಸಲ ಮಾಡಬೇಡಿ. ಎಚ್‌ಡಬ್ಲ್ಯುಇನ್ಫೋ ಅನ್ನುವ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಒಂದೇ ಮ್ಯಾಪ್, ಇಪ್ಪತ್ತು ನಿಮಿಷ, ಹೊತ್ತೂ ಒಂದೇ ಇರಲಿ. ಒಂದು ಬದಲಾವಣೆ ಮಾಡಿ ಅಂಕಿ ಬರೆದುಕೊಳ್ಳಿ, ಆಮೇಲೆ ಇನ್ನೊಂದು. ಹೀಗೆ ಮಾಡಿದರೆ ನಿಮ್ಮ ಲ್ಯಾಪ್‌ಟಾಪಿಗೆ ಯಾವುದು ಹಿಡಿಸಿತು ಅಂತ ನಿಮಗೇ ಗೊತ್ತಾಗುತ್ತದೆ. ಇಷ್ಟೆಲ್ಲ ಆದಮೇಲೂ 97ರಿಂದ ಕೆಳಗೆ ಇಳಿಯದಿದ್ದರೆ ಒಳಗೆ ದೂಳು ಕೂತಿದೆ ಅಂತ ಲೆಕ್ಕ, ಮುಂದಿನ ಉತ್ತರ ಓದಿ.

ಪ್ರಶ್ನೆ: ನನ್ನ ಲ್ಯಾಪ್‌ಟಾಪಿಗೆ ಮೂರು ವರ್ಷ. ಒಮ್ಮೆಯೂ ಬಿಚ್ಚಿಲ್ಲ. ಗೇಮ್ ಹಾಗಿರಲಿ, ಯೂಟ್ಯೂಬ್ ನೋಡುವಾಗಲೂ ಫ್ಯಾನ್ ಕೂಗುತ್ತದೆ. ನಾನೇ ಬಿಚ್ಚಿ ಸ್ವಚ್ಛ ಮಾಡಬಹುದಾ, ಇಲ್ಲ ಅಂಗಡಿಗೇ ಕೊಡಬೇಕಾ? (ಹುಬ್ಬಳ್ಳಿಯಿಂದ ಒಬ್ಬ ಓದುಗರು)

ಉತ್ತರ: ಯೂಟ್ಯೂಬಿಗೇ ಕೂಗುತ್ತಿದೆ ಅಂದರೆ ಸೆಟ್ಟಿಂಗ್ ಬದಲಿಸಿ ಉಪಯೋಗ ಕಡಿಮೆ. ಗಾಳಿಯ ದಾರಿಯೇ ಕಟ್ಟಿಕೊಂಡಿದೆ.

ಹೋದ ತಿಂಗಳು ಪಕ್ಕದ ಮನೆಯವರ ಮಗನ ಲ್ಯಾಪ್‌ಟಾಪ್ ಬಿಚ್ಚಿದ್ದೆ. ಕೆಳಗಿನ ಮುಚ್ಚಳ ತೆಗೆದಾಗ ಎಲ್ಲ ಚೊಕ್ಕಟವಾಗಿಯೇ ಕಂಡಿತು, ಫ್ಯಾನಿನ ರೆಕ್ಕೆ ಮೇಲೆ ತೆಳುವಾಗಿ ದೂಳು, ಅಷ್ಟೆ. ದೂಳೇ ಇಲ್ಲವಲ್ಲ ಅಂಕಲ್ ಅಂದ ಹುಡುಗ. ಫ್ಯಾನಿನ ಮೂರು ಸ್ಕ್ರೂ ಬಿಚ್ಚಿ ಪಕ್ಕಕ್ಕೆ ಎತ್ತಿದೆ. ಫ್ಯಾನಿಗೂ ಅದರ ಮುಂದಿನ ತೆಳು ತಗಡಿನ ಜಾಲರಿಗೂ ನಡುವೆ ಬೂದು ಬಣ್ಣದ ಒಂದು ಪಟ್ಟಿ ನಿಂತಿತ್ತು. ಚಿಮಟದಲ್ಲಿ ತುದಿ ಹಿಡಿದು ಎಳೆದರೆ ಹರಿಯದೆ ಇಡಿಯಾಗಿ ಬಂತು, ದೀಪದ ಬತ್ತಿ ಹೊಸೆಯಲು ಹಿಂಜಿದ ಹತ್ತಿಯ ಹಾಗೆ, ಕೈಯಲ್ಲಿ ಸ್ವಲ್ಪ ಜಿಡ್ಡು ಜಿಡ್ಡು. ಹಾಸಿಗೆಯ ನೂಲು, ತಲೆಗೂದಲು, ರಸ್ತೆಯ ಕೆಂಪು ದೂಳು, ಮೇಲಿಂದ ಊದುಬತ್ತಿ ಹೊಗೆ, ಅಡುಗೆಮನೆಯ ಒಗ್ಗರಣೆಯ ಜಿಡ್ಡು, ಎಲ್ಲ ಸೇರಿ ಕಂಬಳಿಯಾಗಿತ್ತು. ಅಷ್ಟು ದಿನವೂ ಫ್ಯಾನ್ ಜೋರಾಗಿ ತಿರುಗುತ್ತಿತ್ತು, ಆದರೆ ಗಾಳಿ ಜಾಲರಿ ದಾಟಿ ಹೊರಗೆ ಹೋಗುತ್ತಿರಲಿಲ್ಲ. ಹಿಂದಿನ ತೂತಿನ ಹತ್ತಿರ ಕೈಯಿಟ್ಟು ನೋಡಿ, ಫ್ಯಾನ್ ಕೂಗುತ್ತಿದ್ದರೂ ಅಂಗೈಗೆ ಗಾಳಿ ಮೆಲ್ಲಗೆ ತಾಗುತ್ತಿದ್ದರೆ ನಿಮ್ಮದರಲ್ಲೂ ಇದೇ ಕಂಬಳಿ ಇದೆ.

ನೀವೇ ಮಾಡಬಹುದು. ಮೊದಲು ವಾರಂಟಿ ನೋಡಿಕೊಳ್ಳಿ, ಇನ್ನೂ ಇದ್ದರೆ ಕಂಪನಿಯ ಸರ್ವಿಸ್ ಸೆಂಟರಿಗೇ ಕೊಡುವುದು ವಾಸಿ. ಇಲ್ಲವಾದರೆ ನಿಮ್ಮದೇ ಮಾಡೆಲ್ ಬಿಚ್ಚುವ ವಿಡಿಯೊವನ್ನು ಪೂರ್ತಿ ಎರಡು ಸಲ ನೋಡಿ. ಲ್ಯಾಪ್‌ಟಾಪ್ ಶಟ್‌ಡೌನ್ ಮಾಡಿ ಚಾರ್ಜರ್ ತೆಗೆಯಿರಿ. ಸ್ಕ್ರೂಗಳಲ್ಲಿ ಉದ್ದದ್ದು ಗಿಡ್ಡದ್ದು ಇರುತ್ತವೆ, ಒಂದು ಹಾಳೆಯ ಮೇಲೆ ಲ್ಯಾಪ್‌ಟಾಪಿನ ಚಿತ್ರ ಬರೆದು ಎಲ್ಲಿಂದ ತೆಗೆದಿರೋ ಅಲ್ಲೇ ಟೇಪಿನಲ್ಲಿ ಅಂಟಿಸಿ. ಮುಚ್ಚಳ ತೆಗೆದ ಮೇಲೆ ಮಾಡುವ ಮೊದಲ ಕೆಲಸ ಬ್ಯಾಟರಿಯ ಕನೆಕ್ಟರ್ ಬಿಡಿಸುವುದು. ಇದಾಗುವ ತನಕ ಬೇರೆ ಏನನ್ನೂ ಮುಟ್ಟಬೇಡಿ. ಆಮೇಲೆ ಮೆತ್ತನೆಯ ಬ್ರಶ್, ಕೈಯಲ್ಲಿ ಒತ್ತುವ ರಬ್ಬರ್ ಬ್ಲೋವರ್. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿಂದ ಹಿಡಿದುಕೊಳ್ಳಿ, ಗಾಳಿಯ ರಭಸಕ್ಕೆ ಅದು ಗಿರಗಿರ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಮನೆಯ ವ್ಯಾಕ್ಯೂಮ್ ಕ್ಲೀನರ್ ಬೇಡವೇ ಬೇಡ, ಅದರ ಪ್ಲಾಸ್ಟಿಕ್ ಮೂತಿಯಲ್ಲಿ ಹುಟ್ಟುವ ಸ್ಥಾಯಿ ವಿದ್ಯುತ್ತು ಬೋರ್ಡಿಗೆ ಅಪಾಯ.

ದೂಳು ತೆಗೆದ ಮೇಲೂ ಬಿಸಿ ಇಳಿಯದಿದ್ದರೆ ಪೇಸ್ಟ್ ಬದಲಿಸಬೇಕು. ಇಲ್ಲಿ ಸ್ವಲ್ಪ ಎಚ್ಚರ. ಒಮ್ಮೆ ನನ್ನ ಲ್ಯಾಪ್‌ಟಾಪನ್ನೇ ಒಂದು ಅಂಗಡಿಗೆ ಕೊಟ್ಟಿದ್ದೆ. ಮನೆಗೆ ತಂದು ನೋಡಿದರೆ ಮೊದಲಿಗಿಂತ ಹತ್ತು ಡಿಗ್ರಿ ಜಾಸ್ತಿ! ನಾನೇ ಬಿಚ್ಚಿ ನೋಡಿದೆ. ಮೆಮೊರಿ ಚಿಪ್ಪುಗಳ ಮೇಲೆ ಇರಬೇಕಾದ ಮೆತ್ತನೆಯ ಥರ್ಮಲ್ ಪ್ಯಾಡುಗಳಲ್ಲಿ ಎರಡು ಹರಿದುಹೋಗಿದ್ದವು, ಚಿಪ್ಪಿನ ಕಾವು ಹೀರುವ ಲೋಹದ ಭಾಗ, ಅಂದರೆ ಹೀಟ್‌ಸಿಂಕಿನ ಒಂದು ಸ್ಕ್ರೂ ಇರಲೇ ಇಲ್ಲ. ತುಂಬಾ ಬೇಜಾರಾಯಿತು. ಅವತ್ತಿನಿಂದ ಈ ಕೆಲಸ ನಾನೇ ಮಾಡಿಕೊಳ್ಳುತ್ತೇನೆ. ಅಂಗಡಿಗೆ ಕೊಡುವುದಾದರೆ ನಿಮ್ಮ ಕಣ್ಣೆದುರೇ ಮಾಡುವವರಿಗೆ ಕೊಡಿ, ಕೊಡುವ ಮುಂಚಿನ ಅಂಕಿ, ತಂದ ಮೇಲಿನ ಅಂಕಿ ಎರಡೂ ಬರೆದಿಟ್ಟುಕೊಳ್ಳಿ.

ಹೀಟ್‌ಸಿಂಕಿನ ಸ್ಕ್ರೂಗಳ ಪಕ್ಕ 1, 2, 3, 4 ಅಂತ ಅಚ್ಚು ಇರುತ್ತದೆ. ಹಾಕುವಾಗ ಅದೇ ಕ್ರಮದಲ್ಲಿ, ಒಂದನ್ನೇ ಪೂರ್ತಿ ಬಿಗಿ ಮಾಡದೆ ಎಲ್ಲವನ್ನೂ ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾ ಬನ್ನಿ. ತೆಗೆಯುವಾಗ ಇದರ ಉಲ್ಟಾ. ಹಳೆಯ ಪೇಸ್ಟನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಮೆತ್ತನೆಯ ಬಟ್ಟೆಯಲ್ಲಿ ಒರೆಸಿ. ಹೊಸ ಪೇಸ್ಟ್ ಚಿಪ್ಪಿನ ಮೈ ಪೂರ್ತಿ ಮುಚ್ಚಬೇಕು. ಲ್ಯಾಪ್‌ಟಾಪ್ ಚಿಪ್ಪುಗಳ ಮೇಲೆ ಡೆಸ್ಕ್‌ಟಾಪಿನವುಗಳ ಹಾಗೆ ಲೋಹದ ಟೋಪಿ ಇರುವುದಿಲ್ಲ, ಒಂದು ಮೂಲೆ ಬಿಟ್ಟುಹೋದರೂ ಅಲ್ಲಿ ಸುಡುತ್ತದೆ. ಸಾಮಾನ್ಯ ಪೇಸ್ಟ್ ಬಿಸಿ ತಣ್ಣಗೆ ಆಗ್ತಾ ಆಗ್ತಾ ಪಕ್ಕಕ್ಕೆ ಸರಿದುಹೋಗುತ್ತದೆ, ಒಂದೆರಡು ವರ್ಷಕ್ಕೆ ಮತ್ತೆ ಅದೇ ಕಥೆ. ಅದಕ್ಕೆ ಹನಿವೆಲ್ ಕಂಪನಿಯ ಪಿಟಿಎಂ 7950 ಅನ್ನುವ ತೆಳು ಹಾಳೆ ಸಿಗುತ್ತದೆ, ಸುಮಾರು 45 ಡಿಗ್ರಿಗೆ ಮೆತ್ತಗಾಗಿ ಚಿಪ್ಪಿಗೆ ತಾನೇ ಹೊಂದಿಕೊಳ್ಳುತ್ತದೆ, ಬೇಗ ಒಣಗುವುದಿಲ್ಲ. ಒಂದೆರಡು ವರ್ಷಕ್ಕೊಮ್ಮೆ ಬಿಚ್ಚುವ ಮನಸ್ಸಿದ್ದವರಿಗೆ ಪೇಸ್ಟ್, ಪದೇ ಪದೇ ಬೇಡ ಅನ್ನುವವರಿಗೆ ಇದು. ಪೇಸ್ಟಿನ ಬದಲು ಕೆಲವರು ಹಾಕುವ ಲಿಕ್ವಿಡ್ ಮೆಟಲ್ (ದ್ರವ ಲೋಹ) ಮಾತ್ರ ಮನೆಯಲ್ಲಿ ಹಾಕಲು ಹೋಗಬೇಡಿ. ಅದರಲ್ಲಿರುವ ಗ್ಯಾಲಿಯಂ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ, ಒಂದು ಹನಿ ಬೋರ್ಡಿನ ಮೇಲೆ ಬಿದ್ದರೆ ಶಾರ್ಟ್ ಆಗುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಿಗೆ ಕಂಪನಿಯವರೇ ಅದನ್ನು ಹಾಕಿ ಕಳಿಸಿರುತ್ತಾರೆ, ನಿಮ್ಮದು ಅಂಥದ್ದಾದರೆ ಹೀಟ್‌ಸಿಂಕ್ ಎತ್ತದೆ ದೂಳು ಮಾತ್ರ ತೆಗೆಯಿರಿ.

ಬೆಂಗಳೂರಿಗೆ ಹೋಗುವವರಿದ್ದರೆ ಎಸ್‌ಪಿ ರೋಡಿನಲ್ಲಿ ಪೇಸ್ಟು, ಥರ್ಮಲ್ ಪ್ಯಾಡು, ಸಣ್ಣ ಸ್ಕ್ರೂಡ್ರೈವರ್ ಸೆಟ್ಟು ಎಲ್ಲ ಒಂದೇ ಕಡೆ ಸಿಗುತ್ತವೆ. ಪ್ಯಾಡಿನ ದಪ್ಪ ಎಷ್ಟು ಮಿಲಿಮೀಟರ್ ಅಂತ ಮೊದಲೇ ತಿಳಿದುಕೊಂಡು ಹೋಗಿ. ದಪ್ಪ ಜಾಸ್ತಿಯಾದರೆ ಹೀಟ್‌ಸಿಂಕ್ ಚಿಪ್ಪಿನ ಮೇಲೆ ಸರಿಯಾಗಿ ಕೂರುವುದೇ ಇಲ್ಲ.

ಪ್ರಶ್ನೆ: ನಮಸ್ಕಾರ ಸರ್. ಮೈಸೂರಿನಿಂದ ಬರೀತಿದ್ದೀನಿ. ಮಗ ಪಿಯುಸಿ ಓದ್ತಾ ಇದ್ದಾನೆ. ರಾತ್ರಿ ಹಾಸಿಗೆ ಮೇಲೆ ಮಲಗಿಕೊಂಡು, ರಗ್ಗಿನ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು ಆಡ್ತಾನೆ. ಮುಟ್ಟಿದ್ರೆ ಕೈ ಚುರುಕ್ ಅನ್ನುತ್ತೆ. ಬೆಂಕಿ ಹತ್ತಿಕೊಳ್ಳುತ್ತಾ ಅಂತ ನನಗೆ ನಿದ್ದೆ ಬರಲ್ಲ. ಹೇಳಿದ್ರೆ ಅಮ್ಮಾ ನಿಂಗೆ ಗೊತ್ತಾಗಲ್ಲ ಸುಮ್ನಿರು ಅಂತಾನೆ.

ಉತ್ತರ: ಮೇಡಂ, ನಿಮ್ಮ ಚಿಂತೆ ಸರಿಯಾಗಿಯೇ ಇದೆ. ಈ ಉತ್ತರವನ್ನು ಅವನಿಗೂ ಓದಲು ಕೊಡಿ.

ಚಿಪ್ ಬಿಸಿಯಾಯಿತು ಅಂತ ಲ್ಯಾಪ್‌ಟಾಪಿಗೆ ಬೆಂಕಿ ಹತ್ತುವುದು ತೀರಾ ಅಪರೂಪ, ಮೊದಲೇ ಹೇಳಿದ ಹಾಗೆ ಅದು ತಾನೇ ಆಫ್ ಆಗುತ್ತದೆ. ನನಗೆ ಭಯ ಇರುವುದು ಬ್ಯಾಟರಿಯದ್ದು. ಲಿಥಿಯಂ ಬ್ಯಾಟರಿಗೆ ಎರಡು ವಿಷಯ ಆಗಿಬರುವುದಿಲ್ಲ, ಒಂದು ಬಿಸಿ, ಇನ್ನೊಂದು ಯಾವಾಗಲೂ 100 ಪರ್ಸೆಂಟ್ ತುಂಬಿಕೊಂಡೇ ಇರುವುದು. ಚಾರ್ಜರ್ ಹಾಕಿಕೊಂಡೇ ರಗ್ಗಿನ ಮೇಲೆ ಗಂಟೆಗಟ್ಟಲೆ ಆಡಿದರೆ ಎರಡೂ ಒಟ್ಟಿಗೆ ಆಗುತ್ತವೆ. ರಗ್ಗು ಕೆಳಗಿನ ತೂತುಗಳನ್ನು ಮುಚ್ಚುತ್ತದೆ, ಬ್ಯಾಟರಿ ಇರುವುದೂ ಅಲ್ಲೇ ಕೆಳಗೆ, ಅಂಗೈ ಇಡುವ ಜಾಗದಡಿ. ಕಾಲಕ್ರಮೇಣ ಅದು ಒಳಗೇ ಗ್ಯಾಸ್ ತುಂಬಿಕೊಂಡು ಹಪ್ಪಳದ ಹಾಗೆ ಉಬ್ಬುತ್ತದೆ.

ನೀವು ಇವತ್ತೇ ಒಂದು ಪರೀಕ್ಷೆ ಮಾಡಿ, ಇದಕ್ಕೆ ಕಂಪ್ಯೂಟರ್ ಗೊತ್ತಿರಬೇಕಾಗಿಲ್ಲ. ಲ್ಯಾಪ್‌ಟಾಪ್ ಮುಚ್ಚಿ ಸಪಾಟಾದ ಊಟದ ಮೇಜಿನ ಮೇಲೆ ಇಡಿ. ನಾಲ್ಕು ಮೂಲೆ ಒಂದೊಂದಾಗಿ ಒತ್ತಿ. ಡುಗುಡುಗು ಅಂತ ಅಲ್ಲಾಡಿದರೆ, ಮುಚ್ಚಳ ಸರಿಯಾಗಿ ಕೂರದಿದ್ದರೆ, ಬೆರಳಾಡಿಸುವ ಟಚ್‌ಪ್ಯಾಡ್ ಮೇಲೆದ್ದಿದ್ದರೆ ಅಥವಾ ಒತ್ತಿದಾಗ ಕ್ಲಿಕ್ ಅನ್ನದಿದ್ದರೆ ಬ್ಯಾಟರಿ ಉಬ್ಬಿದೆ ಅಂತ ಅನುಮಾನಿಸಿ. ಹಾಗಿದ್ದರೆ ಅವತ್ತೇ ಬಳಸುವುದು ನಿಲ್ಲಿಸಿ. ಚಾರ್ಜ್ ಹಾಕಬಾರದು, ಒತ್ತಿ ಸರಿಮಾಡಲು ಹೋಗಬಾರದು, ಚುಚ್ಚಲಂತೂ ಕೂಡದು. ಸರ್ವಿಸ್ ಸೆಂಟರಿನಲ್ಲಿ ಬದಲಿಸಿಕೊಳ್ಳಿ, ಹಳೆಯದನ್ನು ಮನೆಯ ಕಸಕ್ಕೆ ಹಾಕದೆ ಅಲ್ಲೇ ಕೊಟ್ಟು ಬನ್ನಿ.

ಉಬ್ಬಿಲ್ಲದಿದ್ದರೆ ದೊಡ್ಡ ಜಗಳ ಏನೂ ಬೇಡ. ಆಡಬೇಡ ಅನ್ನುವ ಬದಲು ಮೇಜಿನ ಮೇಲೆ ಇಟ್ಟು ಆಡು ಅನ್ನಿ. ಹಾಸಿಗೆಯೇ ಬೇಕು ಅಂದರೆ ಮಡಿಚುವ ಸಣ್ಣ ಮಣೆ ಮೇಜು ಸಿಗುತ್ತದೆ, ಅದನ್ನು ಕೊಡಿಸಿ. ಹಾಗೆಯೇ ಅವನ ಲ್ಯಾಪ್‌ಟಾಪಿನ ಕಂಪನಿ ತಂತ್ರಾಂಶದಲ್ಲಿ, ಅದು ಲೆನೊವೊ ವ್ಯಾಂಟೇಜ್ ಇರಲಿ, ಆಸೂಸ್‌ನದು ಇರಲಿ, ಬ್ಯಾಟರಿಯನ್ನು ಸಾಮಾನ್ಯವಾಗಿ 80 ಪರ್ಸೆಂಟಿನ ಹತ್ತಿರ ನಿಲ್ಲಿಸುವ ಆಯ್ಕೆ ಇರುತ್ತದೆ. ಅದನ್ನು ಆನ್ ಮಾಡಿ ತೋರಿಸು ಅಂತ ಅವನಿಗೇ ಕೆಲಸ ಕೊಡಿ. ಚಾರ್ಜರಿನ ಇಟ್ಟಿಗೆಯಂಥ ಡಬ್ಬಿಯೂ ದಿಂಬಿನಡಿ, ರಗ್ಗಿನಡಿ ಇರಬಾರದು, ನೆಲದ ಮೇಲೆ ಗಾಳಿಗಿರಲಿ. ಮಗನಿಗೆ ಒಂದು ಮಾತು: ಅಮ್ಮನಿಗೆ ಗೊತ್ತಾಗಿದೆ ಕಣಪ್ಪ, ಸರಿಯಾಗಿಯೇ ಗೊತ್ತಾಗಿದೆ.

ಪ್ರಶ್ನೆ: ಮಂಗಳೂರಿನ ಸೆಕೆಯಲ್ಲಿ ಎಷ್ಟು ಫ್ಯಾನ್ ಹಾಕಿದರೂ ಸಾಲುವುದಿಲ್ಲ. ಐಸ್ ಪ್ಯಾಕ್ ಮೇಲೆ ಲ್ಯಾಪ್‌ಟಾಪ್ ಇಟ್ಟು ಆಡಿದರೆ ತಪ್ಪೇನು? ಆಟ ಮುಗಿದ ಮೇಲೆ ಹತ್ತು ನಿಮಿಷ ಫ್ರಿಜ್ಜಿನಲ್ಲಿ ಇಡ್ತೇನೆ ಅಂತ ಗೆಳೆಯ ಹೇಳಿದ.

ಉತ್ತರ: ಎರಡೂ ಬೇಡ ಮಾರಾಯ್ರೇ. ಫ್ರಿಜ್ಜಿನಿಂದ ತೆಗೆದ ನೀರಿನ ಬಾಟಲಿ ನಿಮ್ಮ ಊರಿನಲ್ಲಿ ಎರಡೇ ನಿಮಿಷಕ್ಕೆ ಮೈಯೆಲ್ಲ ಬೆವರುತ್ತದಲ್ಲ, ಲ್ಯಾಪ್‌ಟಾಪಿನ ಒಳಗೂ ಅದೇ ಬೆವರು ಕೂರುತ್ತದೆ, ಬೋರ್ಡಿನ ಮೇಲೆ. ಕರಾವಳಿಯ ಗಾಳಿಯಲ್ಲಿ ತೇವದ ಜೊತೆ ಉಪ್ಪೂ ಇದೆ, ತುಕ್ಕಿಗೆ ಇನ್ನೇನು ಬೇಕು. ಎಸಿ ಇದ್ದರೆ ಕೋಣೆ ತಣ್ಣಗಾಗುವುದು ಬಹಳ ಒಳ್ಳೆಯದು, ಕೂಲಿಂಗ್ ಪ್ಯಾಡಿಗಿಂತ ಅದರಿಂದ ಆಗುವ ಉಪಕಾರ ಜಾಸ್ತಿ. ಇಲ್ಲದಿದ್ದರೆ ಲ್ಯಾಪ್‌ಟಾಪಿನ ಹಿಂಭಾಗ ಎತ್ತಿಟ್ಟು, ಟೇಬಲ್ ಫ್ಯಾನನ್ನು ಪಕ್ಕದಿಂದ ತಿರುಗಿಸಿ. ಲ್ಯಾಪ್‌ಟಾಪ್ ತಾನು ಬಿಟ್ಟ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಳ್ಳದಿದ್ದರೆ ಸಾಕು. ನೀರು ತುಂಬಿಸುವ ಕೂಲರ್ ಮುಖಕ್ಕೆ ಮುಖ ಕೊಟ್ಟು ಇಡಬೇಡಿ.

ಪ್ರಶ್ನೆ: ಬೆಂಗಳೂರು. ಅಂಡರ್‌ವೋಲ್ಟ್ ಮಾಡಿದರೆ (ಚಿಪ್ಪಿಗೆ ಕೊಡುವ ವೋಲ್ಟೇಜ್ ಇಳಿಸಿದರೆ) ಹತ್ತು ಡಿಗ್ರಿ ಇಳಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಅದಕ್ಕೆ ಬಳಸುವ ಥ್ರಾಟಲ್‌ಸ್ಟಾಪ್ ತಂತ್ರಾಂಶ ಹಾಕಿದೆ, ನನ್ನ ಇಂಟೆಲ್ ಲ್ಯಾಪ್‌ಟಾಪಿನಲ್ಲಿ ಆ ಜಾಗವೇ ಲಾಕ್ ಆಗಿದೆ. ಬೇರೆ ದಾರಿ ಇದೆಯೇ?

ಉತ್ತರ: ಲಾಕ್ ಆಗಿರುವುದು ನಿಮ್ಮೊಬ್ಬರದ್ದೇ ಅಲ್ಲ. 2019ರ ಡಿಸೆಂಬರಿನಲ್ಲಿ ಪ್ಲಂಡರ್‌ವೋಲ್ಟ್ ಅನ್ನುವ ಭದ್ರತಾ ದೋಷ ಹೊರಗೆ ಬಂತು. ವೋಲ್ಟೇಜನ್ನು ಬೇಕೆಂದೇ ಏರುಪೇರು ಮಾಡಿ, ಪ್ರೊಸೆಸರ್ ಒಳಗೆ ಗುಟ್ಟಾಗಿ ಇಟ್ಟ ಮಾಹಿತಿಯನ್ನು ಕದಿಯಬಹುದು ಅಂತ ಸಂಶೋಧಕರು ತೋರಿಸಿದರು. ಆಮೇಲೆ ಬಂದ ಬಯೋಸ್ (ಲ್ಯಾಪ್‌ಟಾಪ್ ಆನ್ ಆದೊಡನೆ ಓಡುವ ಮೂಲ ತಂತ್ರಾಂಶ) ಅಪ್‌ಡೇಟುಗಳಲ್ಲಿ ಬಹಳಷ್ಟು ಕಂಪನಿಗಳು ವೋಲ್ಟೇಜ್ ಬದಲಿಸುವ ಬಾಗಿಲನ್ನೇ ಮುಚ್ಚಿಬಿಟ್ಟವು. ಹಳೆಯ ಬಯೋಸ್‌ಗೆ ಹಿಂದೆ ಹೋಗುವ ವಿಡಿಯೊಗಳು ಸಿಗುತ್ತವೆ, ಅದನ್ನು ಮಾಡಬೇಡಿ, ಹತ್ತು ಡಿಗ್ರಿಗಾಗಿ ಲ್ಯಾಪ್‌ಟಾಪನ್ನೇ ಪಣಕ್ಕಿಟ್ಟ ಹಾಗೆ.

ಪ್ರೊಸೆಸರ್ ಬಾಗಿಲು ಮುಚ್ಚಿದ್ದರೂ ಗ್ರಾಫಿಕ್ಸ್ ಕಾರ್ಡಿನ ಬಾಗಿಲು ಸಾಮಾನ್ಯವಾಗಿ ತೆರೆದೇ ಇರುತ್ತದೆ. ಇಬ್ಬರಿಗೂ ತಾಮ್ರದ ಕೊಳವೆ ಹಂಚಿಕೆಯಾಗಿರುವ ಲ್ಯಾಪ್‌ಟಾಪ್‌ಗಳೇ ಜಾಸ್ತಿ, ಹಾಗಾಗಿ ಒಂದು ತಣ್ಣಗಾದರೆ ಇನ್ನೊಂದಕ್ಕೂ ಲಾಭ. ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನುವ ತಂತ್ರಾಂಶ ಹಾಕಿ, ಕಂಟ್ರೋಲ್ ಮತ್ತು ಎಫ್ ಒಟ್ಟಿಗೆ ಒತ್ತಿದರೆ ವೋಲ್ಟೇಜಿನ ಗೆರೆ ತೆರೆದುಕೊಳ್ಳುತ್ತದೆ. ಈಗ ಆಟದಲ್ಲಿ ನಿಮ್ಮ ಕಾರ್ಡ್ 950 ಮಿಲಿವೋಲ್ಟಿನಲ್ಲಿ 1,800 ಮೆಗಾಹರ್ಟ್ಸ್ ಓಡುತ್ತಿದೆ ಅಂದುಕೊಳ್ಳಿ. 850ರ ಚುಕ್ಕಿಯನ್ನು ಎತ್ತಿ ಮೊದಲು 1,650ಕ್ಕೆ ತನ್ನಿ, ಅದರಾಚೆಯ ಗೆರೆಯನ್ನೆಲ್ಲ ಅಲ್ಲಿಗೇ ಸಮ ಮಾಡಿ ಅಪ್ಲೈ ಒತ್ತಿ. ಒಂದು ಗಂಟೆ ಆಡಿ ನೋಡಿ, ತೊಂದರೆ ಇಲ್ಲದಿದ್ದರೆ 15 ಮೆಗಾಹರ್ಟ್ಸ್ ಹಾಗೆ ಮೇಲೆ ಬನ್ನಿ. ಸ್ಕ್ರೀನ್ ಮೇಲೆ ಚುಕ್ಕಿ ಬಂದರೆ ಅಥವಾ ಗೇಮ್ ಮುಚ್ಚಿಕೊಂಡರೆ ಒಂದು ಹೆಜ್ಜೆ ಕೆಳಗೆ ಬಂದು ಅಲ್ಲೇ ನಿಲ್ಲಿ. ಕಡಿಮೆ ವೋಲ್ಟೇಜಿನಿಂದ ಕಾರ್ಡ್ ಕೆಡುವುದಿಲ್ಲ, ಗೇಮ್ ಬಿದ್ದುಹೋಗುತ್ತದೆ ಅಷ್ಟೆ. ಪ್ರತಿ ಚಿಪ್ಪೂ ಬೇರೆ ಬೇರೆ, ಬೇರೆಯವರ ಅಂಕಿಯನ್ನು ಹಾಗೇ ತಂದು ಹಾಕಿಕೊಳ್ಳಬೇಡಿ.

ಪ್ರಶ್ನೆ: ಶಿವಮೊಗ್ಗದಿಂದ. ಗೇಮ್ ಆಡುವಾಗ ಚಾರ್ಜರ್ ಹಾಕಿದ್ದರೂ ಬ್ಯಾಟರಿ ಇಳಿಯುತ್ತಾ ಹೋಗುತ್ತದೆ, ಅಂಗೈ ಇಡುವ ಜಾಗ ಬಿಸಿಯಾಗುತ್ತದೆ. ಚಾರ್ಜರ್ ಕೆಟ್ಟಿದೆಯಾ? ಮೂಲ ಚಾರ್ಜರ್ ಭಾರ ಅಂತ 65 ವ್ಯಾಟಿನ ಟೈಪ್ ಸಿ ಬಳಸುತ್ತೇನೆ.

ಉತ್ತರ: ಕಾರಣ ನಿಮ್ಮ ಕೊನೆಯ ಸಾಲಿನಲ್ಲೇ ಇದೆ. ಆಟಕ್ಕೆ ಬೇಕಿರುವುದು 130 ವ್ಯಾಟ್ ಅಂದುಕೊಳ್ಳಿ, ಬರುತ್ತಿರುವುದು 65. ಉಳಿದದ್ದನ್ನು ಬ್ಯಾಟರಿ ತನ್ನ ಕೈಯಿಂದ ಕೊಡುತ್ತಿದೆ, ಅದಕ್ಕೇ ಅದು ಬಿಸಿಯಾಗುತ್ತದೆ. ಮೂಲ ಚಾರ್ಜರ್ 180 ವ್ಯಾಟೋ 230 ವ್ಯಾಟೋ ಇರುವುದು ಸುಮ್ಮನೆ ಅಲ್ಲ. ಟೈಪ್ ಸಿ ಕಾಲೇಜಿನಲ್ಲಿ ನೋಟ್ಸ್ ಬರೆಯಲು ಸರಿ, ಆಟಕ್ಕೆ ಭಾರದ್ದೇ ಬೇಕು. ಮೂಲ ಚಾರ್ಜರ್ ಹಾಕಿದಾಗಲೂ ಹೀಗೇ ಆದರೆ ಮಾತ್ರ ಸರ್ವಿಸ್ ಸೆಂಟರಿಗೆ ಹೋಗಿ.

ಪ್ರಶ್ನೆ: ಬಲಗಡೆ ಫ್ಯಾನಿನಿಂದ ಕರಕರ ಸದ್ದು ಬರುತ್ತಿದೆ. ಒಂದು ಹನಿ ಹೊಲಿಗೆ ಮಷೀನ್ ಎಣ್ಣೆ ಬಿಡಬಹುದೇ? (ದಾವಣಗೆರೆ)

ಉತ್ತರ: ನಾಲ್ಕು ದಿನ ಸದ್ದು ನಿಲ್ಲುತ್ತದೆ, ಆಮೇಲೆ ಆ ಎಣ್ಣೆಯೇ ದೂಳು ಹಿಡಿದು ಇನ್ನೂ ಜಾಸ್ತಿ ಆಗುತ್ತದೆ. ಮೊದಲು ಮುಚ್ಚಳ ತೆಗೆದು ರೆಕ್ಕೆಗೆ ವೈರೋ ದೂಳಿನ ಉಂಡೆಯೋ ತಾಗುತ್ತಿದೆಯಾ ನೋಡಿ. ಏನೂ ಇಲ್ಲದಿದ್ದರೆ ಬೇರಿಂಗ್ ಸವೆದಿದೆ, ಫ್ಯಾನ್ ಬದಲಿಸಿ. ಫ್ಯಾನಿನ ಮೈಮೇಲೆ ಅಂಟಿಸಿರುವ ಚೀಟಿಯಲ್ಲಿ ಪಾರ್ಟ್ ನಂಬರ್ ಇರುತ್ತದೆ, ಅದರ ಫೋಟೊ ತೆಗೆದುಕೊಂಡೇ ಅಂಗಡಿಗೆ ಹೋಗಿ. ಎಡಗಡೆಯದಕ್ಕೂ ಬಲಗಡೆಯದಕ್ಕೂ ನಂಬರ್ ಬೇರೆ ಇರುತ್ತದೆ, ಕೇಳುವಾಗ ಬಲಗಡೆಯದು ಅಂತ ಹೇಳಲು ಮರೆಯಬೇಡಿ.